ಸಿಗ್ನಸ್ ಉಪಗ್ರಹಗಳಿಂದ ಸಿಂಧನೂರಿನ ಗದ್ದೆನೀರು ಹಿಡಿದದ್ದು

ಭತ್ತದ ಗದ್ದೆಯಲ್ಲಿ ಮೀಥೇನ್ ಹುಟ್ಟುವುದೇ ನಿಂತ ನೀರಿನಡಿ; ನೀರು ಎಷ್ಟು ದಿನ ನಿಂತಿತ್ತೆಂದು ಗೊತ್ತಿಲ್ಲದೆ ಹಾಕಿದ ಮೀಥೇನ್ ಲೆಕ್ಕಕ್ಕೆ ಬೆಲೆಯಿಲ್ಲ. ತುಂಗಭದ್ರಾ ಎಡದಂಡೆ ಕಾಲುವೆಗೆ ನೀರು ಬಿಟ್ಟು ಸಿಂಧನೂರು ಭಾಗದಲ್ಲಿ ನಾಟಿ ನಡೆಯುವ ಹೊತ್ತಿಗೆ ಮೋಡ ಕವಿದಿರುವುದರಿಂದ ಆಪ್ಟಿಕಲ್ ಚಿತ್ರಗಳು ಉಪಯೋಗಕ್ಕೆ ಬರುವುದಿಲ್ಲ. ಮೋಡದಾಚೆಯಿಂದಲೂ ನೋಡಬಲ್ಲ ರಾಡಾರ್ ಉಪಗ್ರಹ ಸೆಂಟಿನೆಲ್-1 ಆಗ ಬರುತ್ತಿದ್ದುದು 12 ದಿನಕ್ಕೊಮ್ಮೆ. 2016ರ ಡಿಸೆಂಬರ್‌ನಲ್ಲಿ ಹಾರಿದ, ಒಂದೊಂದೂ 30 ಕಿಲೋಗ್ರಾಂ ಒಳಗಿನ, ನೆಲ-ನೀರಿನಿಂದ ಪ್ರತಿಫಲಿಸಿ ಬರುವ ಜಿಪಿಎಸ್ ಸಂಕೇತಗಳನ್ನು ಹಿಡಿಯುವ ನಾಸಾದ ಎಂಟು ಸಿಗ್ನಸ್ ಉಪಗ್ರಹಗಳ ದತ್ತಾಂಶವನ್ನು ಬಳಸುತ್ತೇನೆಂದಾಗ, ಚಂಡಮಾರುತದ ಗಾಳಿ ಅಳೆಯುವ ಉಪಕರಣದಲ್ಲಿ ಗದ್ದೆ ಹುಡುಕುವುದು ವ್ಯರ್ಥವೆಂದು ಹಿರಿಯರು ನೇರವಾಗಿಯೇ ಹೇಳಿದ್ದರು.

ಮೊದಲ ಮುಂಗಾರು ಅವರ ಮಾತನ್ನೇ ನಿಜ ಮಾಡಿತು. ತಿಂಗಳ ಸರಾಸರಿಯನ್ನು 36 ಕಿ.ಮೀ. ಚೌಕಗಳಲ್ಲಿ ಹಾಕಿದ್ದರಿಂದ ಕಾಲುವೆಯ ಮೇಲ್ಭಾಗಕ್ಕೂ ಕೊನೆಭಾಗಕ್ಕೂ ಇದ್ದ ವ್ಯತ್ಯಾಸವೇ ಅಳಿಸಿಹೋಯಿತು. ನೀರಿನ ಮಟ್ಟ ನೋಡಲು ಹೂತಿದ್ದ, ತೂತು ಕೊರೆದ ನಲವತ್ತು ಪಿವಿಸಿ ಕೊಳವೆಗಳಲ್ಲಿ ಹದಿನೈದರಷ್ಟು ಟ್ರ್ಯಾಕ್ಟರ್ ಚಕ್ರಕ್ಕೆ ಸಿಕ್ಕವು. ಕೊಳವೆ, ಓಡಾಟ, ಕೂಲಿ ಸೇರಿ ಸುಮಾರು ಒಂದೂವರೆ ಲಕ್ಷ ಖರ್ಚಾಯಿತು. ಅರ್ಧದಷ್ಟು ನನ್ನ ಕೈಯಿಂದಲೇ ಹೋಯಿತು. ಎರಡನೆಯ ವರ್ಷ, ಐಐಎಫ್ ಸಾಲಿನ ಜಿಪಿಎಸ್ ಉಪಗ್ರಹಗಳ ಪ್ರಸಾರಶಕ್ತಿ ಏರಿಳಿಯುವುದನ್ನು ಗಮನಿಸದೆ, ಒಣ ಹೊಲಗಳಲ್ಲೂ ನೀರು ತೋರಿಸಿದ ನಕ್ಷೆಯನ್ನು ಸಭೆಯ ಮುಂದಿಟ್ಟೆ. ಅದು ಇಂದಿಗೂ ನೋಯಿಸುತ್ತದೆ.

ಆಮೇಲೆ ಬೇಸಿಗೆಯಲ್ಲಿ ಒಂದು ಕೆರೆ ಏರಿಯ ಮೇಲೆ, ಸುಮಾರು ಒಂಬತ್ತು ಸಾವಿರದ ಜಿಪಿಎಸ್ ರಿಸೀವರಿಗೆ ಪ್ರತಿಫಲಿತ ಸಂಕೇತ ಹಿಡಿಯುವ ಎಲ್‌ಎಚ್‌ಸಿಪಿ (ಎಡಸುತ್ತು ಧ್ರುವೀಕರಣದ) ಆಂಟೆನಾ ಜೋಡಿಸಿ, ನೀರಿನತ್ತ ಬಾಗಿಸಿ ಮೂರು ದಿನ ಕುಳಿತೆ. ಬೆಳಿಗ್ಗೆ ನೀರು ಕನ್ನಡಿಯಂತಿದ್ದಾಗ ಮೊನಚಾಗಿ ಬರುತ್ತಿದ್ದ ಪ್ರತಿಫಲನ, ಮಧ್ಯಾಹ್ನ ಗಾಳಿಗೆ ಕಿರುಅಲೆ ಎದ್ದೊಡನೆ ಕುಸಿಯುತ್ತಿತ್ತು. ಬದುಗಳ ನಡುವೆ ನಿಂತ ನಾಲ್ಕು ಬೆರಳು ನೀರಿನಲ್ಲಿ ಅಂಥ ಅಲೆ ಏಳುವುದಿಲ್ಲ, ಜಿಪಿಎಸ್‌ನ 19 ಸೆಂ.ಮೀ. ತರಂಗಕ್ಕೆ ಎಳೆಯ ಪೈರು ಅಡ್ಡಿಯಾಗುವುದೂ ಇಲ್ಲ. ಹಾಗಾಗಿ ಗಾಳಿಯಿರುವ ದಿನ ಜಲಾಶಯಕ್ಕಿಂತ ಗದ್ದೆಯೇ ಹೆಚ್ಚು ಹೊಳೆಯಬೇಕೆಂಬುದು ನನಗೆ ಅಲ್ಲೇ ಹೊಳೆಯಿತು.

ಮೂರನೆಯ ವರ್ಷ ಸರಾಸರಿಯನ್ನು ಕೈಬಿಟ್ಟು, 2019ರ ನಡುವಿನಿಂದ ಸೆಕೆಂಡಿಗೆ ಎರಡು ಸಲ ಸಿಗುತ್ತಿರುವ ಅಳತೆಗಳಲ್ಲಿ ಪತನಕೋನ 40 ಡಿಗ್ರಿ ಮೀರಿದ್ದನ್ನೆಲ್ಲ ತೆಗೆದು, ಪ್ರತಿ ಜಾಗವನ್ನೂ ಕಾಲುವೆಗೆ ನೀರು ಬಿಡದ ಮೇ ತಿಂಗಳ ಅದರದೇ ಮೌಲ್ಯದೊಡನೆ ಹೋಲಿಸಿದೆ. ಅಳತೆಗಳಿಗೆ ತೂಕ ಕೊಡುವ ಬಗೆ ಇನ್ನೂ ಪ್ರಕಟವಾಗಬೇಕಿರುವುದರಿಂದ ಇಲ್ಲಿ ಬರೆಯುವುದಿಲ್ಲ. ಉಳಿದ ಕೊಳವೆಗಳೊಡನೆ ನಕ್ಷೆ ಹತ್ತರಲ್ಲಿ ಎಂಟು ಸಲ ತಾಳೆಯಾಯಿತು; ಇಷ್ಟು ಕಡಿಮೆ ಖರ್ಚಿನಲ್ಲಿ ಇದಕ್ಕಿಂತ ಚೆನ್ನಾಗಿ ಬಂದದ್ದನ್ನು ನಾನು ನೋಡಿಲ್ಲ. ಕೊನೆಭಾಗಕ್ಕೆ ನೀರು ಹತ್ತು-ಹನ್ನೆರಡು ದಿನ ತಡವಾಗಿ ತಲುಪಿದ್ದು ಎದ್ದು ಕಂಡಿತು. ಅಲ್ಲಿನ ರೈತರೊಬ್ಬರು ಬರೆದಿಟ್ಟಿದ್ದ ತಾರೀಖಿಗೂ ನನ್ನದಕ್ಕೂ ಎರಡೇ ದಿನದ ಅಂತರವಿತ್ತು. ಮೀಥೇನ್ ಲೆಕ್ಕವನ್ನು ಈಗ ಆ ತಾರೀಖಿನಿಂದಲೇ ಹಿಡಿದಿದ್ದೇನೆ.