ಫೆಬ್ರವರಿಗೆ 18 ದಿನ ಬಂದ ಕಥೆ

ಜಯನಗರದಲ್ಲಿ ನಮ್ಮದೊಂದು ಪುಟ್ಟ ಆಫೀಸು. ಹಾರ್ಡ್‌ವೇರ್ ಅಂಗಡಿಗಳಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಿಕೊಡುತ್ತೇವೆ. ಕಾಯಂ ಇರುವುದು ನಾವಿಬ್ಬರೇ. ಉಳಿದ ಕೆಲಸವೆಲ್ಲ ಕಾಂಟ್ರ್ಯಾಕ್ಟ್ ಮೇಲೆ ಬಂದು ಹೋಗುವವರದ್ದು.

2017ರ ಜುಲೈ 1ಕ್ಕೆ ಜಿಎಸ್‌ಟಿ ಬಂತಲ್ಲ, ಅದಕ್ಕೆ ಎರಡು ತಿಂಗಳು ಮುಂಚೆ ಸಾಫ್ಟ್‌ವೇರನ್ನು ಜಿಎಸ್‌ಟಿಗೆ ಹೊಂದಿಸಲು ಒಬ್ಬ ಚುರುಕು ಹುಡುಗ ಸಿಕ್ಕಿದ. ಹೇಳಿದ ದಿನಕ್ಕೆ ಮುಗಿಸಿದ, ದುಡ್ಡು ತಗೊಂಡ, ಹೋದ. ನವೆಂಬರ್ 15ಕ್ಕೆ ಪ್ಲೈವುಡ್, ವೈರು, ಸ್ವಿಚ್ಚುಗಳ ತೆರಿಗೆ ಶೇ. 28ರಿಂದ 18ಕ್ಕೆ ಇಳಿಯಿತು. ಕೋಡ್ ತೆರೆದರೆ 28 ಅನ್ನೋ ಅಂಕಿ 14 ಫೈಲಿನಲ್ಲಿ ಚೆಲ್ಲಾಡಿತ್ತು. ಅಂಗಡಿಯವರ ಫೋನಿನ ಮೇಲೆ ಫೋನು. ಆತುರದಲ್ಲಿ ಎಲ್ಲ ಕಡೆ 18 ಮಾಡಿಬಿಟ್ಟೆ. ಫೆಬ್ರವರಿಗೂ 18 ದಿನ ಆಯ್ತು! ಅಕ್ಟೋಬರಿನ ಹಳೇ ಬಿಲ್ಲು ಮತ್ತೆ ಪ್ರಿಂಟ್ ಮಾಡಿದರೆ ಅದರಲ್ಲೂ ಹೊಸ ತೆರಿಗೆ. ಇದೆಲ್ಲದರ ಮೇಲೆ, ಸರ್ವರ್‌ನಲ್ಲಿ ಓಡುತ್ತಿದ್ದ ಕೋಡೇ ಬೇರೆ, ನಮ್ಮ ಗಿಟ್‌ನಲ್ಲಿ, ಅಂದರೆ ಕೋಡಿನ ಪ್ರತಿ ಬದಲಾವಣೆಯನ್ನೂ ಕಾಪಿಡುವ ಕಡೆ, ಇದ್ದದ್ದೇ ಬೇರೆ.

ಅವನನ್ನು ಬೈದು ಏನು ಪ್ರಯೋಜನ? ‘ಜುಲೈ 1ಕ್ಕೆ ಓಡಬೇಕು’ ಅಂತಷ್ಟೇ ನಾನು ಕೇಳಿದ್ದು. ಅದು ಓಡಿತು.

ಅಲ್ಲಿಂದ ಒಂದು ಪದ್ಧತಿ ಇಟ್ಟುಕೊಂಡೆ. ಕೊನೆಯ ಕಂತು, ಅಂದರೆ ಐದನೇ ಒಂದು ಪಾಲು, ಕೆಲಸ ಮುಗಿದ ದಿನ ಕೊಡುವುದಿಲ್ಲ. ಆ ಕೋಡನ್ನು ಕಣ್ಣಿಂದಲೂ ನೋಡದ ಒಬ್ಬರನ್ನು ಕೂರಿಸುತ್ತೇನೆ. ಖಾಲಿ ಲ್ಯಾಪ್‌ಟಾಪ್, ಜೊತೆಗೆ ರೀಡ್‌ಮಿ (ಸಾಫ್ಟ್‌ವೇರ್ ಓಡಿಸುವುದು ಹೇಗೆ ಅಂತ ಬರೆದಿಟ್ಟ ಫೈಲು), ಅಷ್ಟೇ. ಅದನ್ನು ಓದಿಕೊಂಡು ಅವರು ಸಾಫ್ಟ್‌ವೇರ್ ಎಬ್ಬಿಸಬೇಕು, ಒಂದು ಸಣ್ಣ ಬದಲಾವಣೆ ಮಾಡಿ ಟೆಸ್ಟ್ ಸರ್ವರ್‌ಗೆ ಏರಿಸಬೇಕು. ಬರೆದವರು ಪಕ್ಕದಲ್ಲೇ ಕೂರಬಹುದು, ಬಾಯಿ ಮಾತ್ರ ಬಿಡುವ ಹಾಗಿಲ್ಲ. ಮೊದಲ ಸಲ ಮಾಡಿದಾಗ ಹತ್ತೇ ನಿಮಿಷಕ್ಕೆ ಬರೆದವರೇ ‘ಅಯ್ಯೋ, ಆ ಪಾಸ್‌ವರ್ಡ್ ನನ್ನ ಮೆಷಿನ್ನಿನಲ್ಲಿದೆ ಸಾರ್’ ಅಂದರು. ಹೊರಗೆ ಬರಬೇಕಾಗಿದ್ದೇ ಅದು. ಎಲ್ಲಿ ಸಿಕ್ಕಿಕೊಂಡರೋ ಅದನ್ನು ರೀಡ್‌ಮಿಗೆ ಸೇರಿಸಿ, ಮತ್ತೆ ಮೊದಲಿಂದ. ಇದಕ್ಕೆ ಹಿಡಿಯುವ ಎರಡು ದಿನಕ್ಕೂ ಬೇರೆಯಾಗಿ ದುಡ್ಡು ಕೊಡುತ್ತೇನೆ. ಬಿಟ್ಟಿಗೆ ಕೇಳಿದರೆ ಬಿಟ್ಟಿ ಕೆಲಸವೇ ಸಿಗುತ್ತದೆ.

ಡೊಮೇನ್ (ವೆಬ್ ವಿಳಾಸ), ಸರ್ವರ್ ಎಲ್ಲ ಆಫೀಸಿನ ಇಮೇಲ್ ಮೇಲೆಯೇ ಇರಬೇಕು, ಇದರಲ್ಲಿ ಚೌಕಾಸಿ ಇಲ್ಲ. ಇನ್ನೊಂದು ಸಂಗತಿ ನಮ್ಮ ವಕೀಲರು ಹೇಳುವವರೆಗೂ ಗೊತ್ತಿರಲಿಲ್ಲ. ಸಂಬಳದ ನೌಕರ ಬರೆದ ಕೋಡು ಸಾಮಾನ್ಯವಾಗಿ ಕಂಪನಿಯದ್ದು. ಹೊರಗಿನವರು ಬರೆದದ್ದು ಹಾಗಲ್ಲ, 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಹಕ್ಕನ್ನು ಬರಹದಲ್ಲಿ ಸಹಿ ಹಾಕಿ ವರ್ಗಾಯಿಸಬೇಕು. ಎಷ್ಟು ಕಾಲಕ್ಕೆ ಅಂತ ಬರೆಯದಿದ್ದರೆ ಐದೇ ವರ್ಷ ಅಂತ ಲೆಕ್ಕ. ಹತ್ತು ವರ್ಷ ಓಡಬೇಕಾದ ಸಾಫ್ಟ್‌ವೇರ್‌ಗೆ ಇದು ಸಣ್ಣ ಮಾತಲ್ಲ, ಅಲ್ವಾ?

ತೆರಿಗೆ ದರಗಳೆಲ್ಲ ಈಗ ಒಂದೇ ಟೇಬಲ್ಲಿನಲ್ಲಿವೆ, ಪ್ರತಿ ದರದ ಎದುರು ಅದು ಯಾವತ್ತಿಂದ ಜಾರಿ ಅನ್ನೋ ತಾರೀಕು. 2025ರ ಸೆಪ್ಟೆಂಬರ್ 22ಕ್ಕೆ ಸಿಮೆಂಟು 28ರಿಂದ 18ಕ್ಕೆ ಬಂದಾಗ, ಬಂದು ಮೂರು ವಾರವಾಗಿದ್ದ ಹುಡುಗಿಯೊಬ್ಬಳು ಊಟಕ್ಕೆ ಮುಂಚೆ ಮುಗಿಸಿದಳು. ನನ್ನನ್ನು ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ಸ್ಟಾಕ್ ರಿಪೋರ್ಟ್ ಮಾತ್ರ ಇನ್ನೂ 2017ರ ಕೋಡೇ. ಅದಕ್ಕೆ ಕೈ ಹಾಕಲು ಯಾರೂ ಒಪ್ಪಿಲ್ಲ, ನಾನೂ.