ಕಳೆ ಅಂತ ಕಿತ್ತಾಕ್ತಿದ್ದ ತುಂಬೇನ ಬಿತ್ತಿ ಬೆಳೆಸಿದ ಕತೆ

ನಮ್ಮನೆ ತುಮಕೂರಲ್ಲಿ, ಥರ್ಟಿ ಫಾರ್ಟಿ ಸೈಟು, ಕಾಂಪೌಂಡ್ ಪಕ್ಕ ಹತ್ತಡಿ ಉದ್ದ ನಾಲ್ಕಡಿ ಅಗಲದ ಜಾಗ ಇದೆ ಅಷ್ಟೇ. ಅಲ್ಲಿ ಜೇನು, ಚಿಟ್ಟೆ ಬರೋ ತರ ಪಾಲಿನೇಟರ್ ಗಾರ್ಡನ್ ಮಾಡ್ಬೇಕು ಅಂತ ಹೊರಟಾಗ ನಾನೂ ಎಲ್ಲರ ತರ ಮೊದಲು ಓಡಿದ್ದು ನರ್ಸರಿಗೆ. ತಂದ ಪೆಟೂನಿಯಾ ನೋಡೋಕೆ ಚಂದ, ಹುಳ ಮಾತ್ರ ಮೂಸಿಯೂ ನೋಡ್ಲಿಲ್ಲ. ಅದೇ ಹೊತ್ತಲ್ಲಿ ಪಕ್ಕದ ಖಾಲಿ ಸೈಟಲ್ಲಿ ಇಟ್ಟಿಗೆ ಚೂರುಗಳ ಮಧ್ಯೆ ತಾನಾಗೇ ಎದ್ದಿದ್ದ ತುಂಬೆ ಮೇಲೆ ಬೆಳಗ್ಗೆ ಒಂಬತ್ತಕ್ಕೆ ಸಂತೆ ನೆರೆದಂಗೆ ಜೇನು! ನರ್ಸರಿಯವರನ್ನ ತುಂಬೆ ಸಸಿ ಇದ್ಯಾ ಅಂತ ಕೇಳಿದ್ರೆ "ಅದನ್ನ ನಾವೇ ಕಿತ್ತು ಬಿಸಾಕ್ತೀವಿ ಸಾರ್, ದುಡ್ಡು ಕೊಟ್ಟು ಯಾರು ತಗೋತಾರೆ" ಅಂತ ನಕ್ಕುಬಿಟ್ರು. ತುಂಬೆಯಿಂದಲೇ ತುಮಕೂರು ಅನ್ನೋ ಹೆಸರು ಬಂತು ಅನ್ನೋರಿದಾರೆ (ತಮಟೆಯಿಂದ ಅನ್ನೋರೂ ಇದಾರೆ ಬಿಡಿ), ಆ ಊರಲ್ಲೇ ಈ ಕತೆ.

ತುಂಬೆ ನಮ್ಮ ತುಳಸಿ, ಕಾಮಕಸ್ತೂರಿ, ಪುದೀನ ಇವರ ಮನೆಯದ್ದೇ. ದಂಟನ್ನ ಬೆರಳಲ್ಲಿ ಹೊರಳಿಸಿ ನೋಡಿ, ಚೌಕ ಗೊತ್ತಾಗುತ್ತೆ. ಗಿಣ್ಣು ಗಿಣ್ಣಿಗೂ ಸುತ್ತಲೂ ಬಿಳಿ ಹೂ, ಒಂದೊಂದಕ್ಕೂ ಎರಡು ತುಟಿ. ಕೆಳಗಿನದು ಅಗಲ, ಹುಳ ಬಂದು ಕೂರೋಕೆ ಜಗಲಿ ಇದ್ದಂಗೆ. ಮೇಲಿನದು ಪುಟ್ಟದು, ರೋಮ ರೋಮ, ಅದರ ಅಡಿಯಲ್ಲಿ ನಾಲ್ಕು ಕೇಸರ ಅಡಗಿರುತ್ತೆ. ಹುಳ ತಳದ ಮಕರಂದಕ್ಕೆ ತಲೆ ತೂರಿಸಿದ್ರೆ ಪರಾಗ ತಲೆಗೂ ಬೆನ್ನಿಗೂ ಮೆತ್ಕೊಳ್ಳುತ್ತೆ.

ಹೂ ಉದುರಿದ ಮೇಲೆ ಆ ಗುಂಡನೆಯ ತೆನೆ ಕಂದು ಬಣ್ಣಕ್ಕೆ ತಿರುಗಿ ಒಣಗುತ್ತಲ್ಲ, ಅದನ್ನ ಪೇಪರ್ ಮೇಲೆ ಕೊಡವಿದ್ರೆ ಬೀಜ ಬೀಳುತ್ತೆ, ಎಳ್ಳಿಗಿಂತ ಸ್ವಲ್ಪ ಸಣ್ಣದು, ಒಂದು ಹೂವಿಗೆ ನಾಲ್ಕು. ನಾನು ಬೀಜ ತಂದು ಭಾರಿ ಶಿಸ್ತಿಂದ ಟ್ರೇಗೆ ಕೊಕೊಪೀಟ್ (ತೆಂಗಿನ ನಾರಿನ ಪುಡಿ) ತುಂಬಿ ಅರ್ಧ ಇಂಚು ಆಳದಲ್ಲಿ ಹಾಕಿ ದಿನಾ ನೀರು ಕೊಟ್ಟೆ. ಒಂದೂ ಹುಟ್ಟಲಿಲ್ಲ. ಮುಂದಿನ ವರ್ಷ ಜೂನಲ್ಲಿ ಎರಡು ಮಳೆ ಬಿದ್ದ ಮೇಲೆ ಪಾತೀಲೇ ಮಣ್ಣು ಕೆದಕಿ ಮೇಲೆ ಎರಚಿ, ಅಂಗೈಲಿ ಒತ್ತಿ ಸುಮ್ನಾದೆ. ಹತ್ತು ಹನ್ನೆರಡು ದಿನಕ್ಕೆ ಎದ್ದವು ನೋಡಿ.

ಆಮೇಲೆ ನನ್ನ ಅತಿಬುದ್ಧಿ. ಪಾತಿಯ ಅರ್ಧಕ್ಕೆ ಎರೆಗೊಬ್ಬರ ಹಾಕ್ದೆ. ಆ ಕಡೆಯವು ಸೊಂಟದವರೆಗೆ ಎದ್ದು ಎಲೆಯೋ ಎಲೆ, ಒಂದು ಜೋರು ಮಳೆಗೆ ಎಲ್ಲಾ ಮಲಗಿಬಿಟ್ವು. ಏನೂ ಹಾಕದ ಕಡೆ ಮೊಣಕಾಲಿಗಿಂತ ಕೆಳಗೇ ನಿಂತು ಕವಲೊಡೆದು ಗಿಣ್ಣಿಗೆಲ್ಲ ಹೂ. ಅದಾದ್ಮೇಲೆ ಗೊಬ್ಬರ ಬಿಟ್ಟೆ, ನೀರೂ ಮಳೆ ಕೈಕೊಟ್ಟಾಗ ಮಾತ್ರ.

ಇನ್ನೊಂದು ಅನಾಹುತ ಆಗಿದ್ದು ನಾನು ಊರಲ್ಲಿ ಇಲ್ಲದ ದಿನ, ತೋಟದ ಕೆಲಸಕ್ಕೆ ಬಂದವರು "ಸಾರ್, ಕಳೆ ಎಲ್ಲಾ ಕ್ಲೀನ್ ಮಾಡಿದೀನಿ" ಅಂತ ಫೋನ್ ಮಾಡಿದ್ರು. ಬಂದು ನೋಡಿದ್ರೆ ಪೆಟೂನಿಯಾ ಹಂಗೇ ಇದೆ, ತುಂಬೆ ಮೂಲೆಯಲ್ಲಿ ಗುಡ್ಡೆ! ಬೈಯೋಕೂ ಆಗ್ಲಿಲ್ಲ, ಅವರ ಪಾಲಿಗೆ ಅದು ಕಳೆನೇ. ಬೇರಿಗೆ ಮಣ್ಣು ಹತ್ತಿದ್ದ ಏಳೆಂಟನ್ನ ಸಂಜೆಯೇ ಮತ್ತೆ ನೆಟ್ಟೆ, ಐದು ಉಳೀತು. ಈಗ ಪಾತಿ ಸುತ್ತ ಹಗ್ಗ ಕಟ್ಟಿದೀನಿ.

ಶ್ರಾವಣ ಸೋಮವಾರ ಬಂದ್ರೆ ಅಮ್ಮನ ಜೊತೆ ಜಗಳ. ಶಿವನಿಗೆ ತುಂಬೆ ಹೂ ಅಂದ್ರೆ ಇಷ್ಟ, ಅವರು ಆರೂವರೆಗೇ ಬಟ್ಟಲು ಹಿಡ್ಕೊಂಡು ಹಾಜರು, ಜೇನು ಬರೋಷ್ಟರಲ್ಲಿ ಗಿಡ ಬೋಳು. ಕೊನೆಗೆ ರಾಜಿ ಆಯ್ತು, ಗೇಟಿನ ಕಡೆಯದು ಶಿವನಿಗೆ, ಗೋಡೆ ಕಡೆಯದು ಹುಳಕ್ಕೆ. "ಶಿವನಿಗಿಂತ ಹುಳ ದೊಡ್ಡದಾಯ್ತೇನೋ ನಿಂಗೆ" ಅಂತ ಇವತ್ತಿಗೂ ಅಂತಾರೆ.

ಯಾರ್ಯಾರು ಬರ್ತಾರೆ ಅಂದ್ರೆ ತುಡುವೆ ಜೇನು, ಕೋಲ್ಜೇನು, ಪುಟಾಣಿ ನೀಲಿ ಚಿಟ್ಟೆಗಳು, ಇರುವೆಯಂತೂ ಲೆಕ್ಕಕ್ಕಿಲ್ಲ. ನನಗೆ ಹುಚ್ಚು ಹಿಡಿಸಿದ್ದು ಬ್ಲೂ ಬ್ಯಾಂಡೆಡ್ ಬೀ, ಕಪ್ಪು ಹೊಟ್ಟೆ ಮೇಲೆ ಹೊಳೆಯೋ ನೀಲಿ ಪಟ್ಟೆ. ಒಂದು ಹೂವಲ್ಲಿ ಎರಡು ಸೆಕೆಂಡ್ ನಿಲ್ಲಲ್ಲ, ಸುಂಯ್ ಅಂತ ಮುಂದಿನದಕ್ಕೆ. ಒಂದಿನ ಸಂಜೆ ಟಾರ್ಚ್ ಹಾಕಿ ನೋಡಿದ್ರೆ ಒಣಗಿದ ದಂಟನ್ನ ದವಡೆಯಲ್ಲಿ ಕಚ್ಕೊಂಡು ಸಾಲಾಗಿ ನಾಲ್ಕು ಮಲಗಿದ್ವು, ಕಾಲೆಲ್ಲ ಮಡಚಿಕೊಂಡು! ಗಂಡುಗಳು ಹಿಂಗೆ ಮಲಗೋದು, ಹೆಣ್ಣು ಮಣ್ಣಲ್ಲಿ ತೂತು ಕೊರೆದು ಗೂಡು ಮಾಡುತ್ತೆ. ಅದಕ್ಕೇ ಪಾತಿ ಪಕ್ಕ ಒಂದು ಗಜ ಮಣ್ಣು ಬರಿದೇ ಬಿಟ್ಟಿದೀನಿ, ಟೈಲ್ಸ್ ಹಾಕಿಸೋದು ಕ್ಯಾನ್ಸಲ್. ಗಿಡ ಒಣಗಿದ ತಕ್ಷಣ ಕೀಳೋದೂ ಇಲ್ಲ, ಬೀಜ ಉದುರಬೇಕು, ಇವರು ಮಲಗಬೇಕು.

ಈ ಸಲ ಪಕ್ಕದ ಸೈಟಲ್ಲಿ ಪಾಯ ತೆಗೆದ್ರು, ಅಲ್ಲಿದ್ದ ತುಂಬೆ ಎಲ್ಲಾ ಜೆಸಿಬಿ ಪಾಲಾಯ್ತು. ಮೊನ್ನೆ ಮಳೆ ಆದ್ಮೇಲೆ ಮರಳು ಗುಡ್ಡೆ ಪಕ್ಕ ಎರಡು ಸಸಿ ಎದ್ದಿವೆ, ನಮ್ಮ ಕಡೆಯಿಂದ ಹೋಗಿದ್ದೋ, ಅಲ್ಲೇ ಉಳಿದಿದ್ದ ಬೀಜವೋ. ಮೇಸ್ತ್ರಿಗೆ ಹೇಳಿ ಸುತ್ತ ನಾಲ್ಕು ಇಟ್ಟಿಗೆ ಇಡಿಸಿದೀನಿ.