ಹಳೆಯ ಗಾಲ್ಫ್ ಕ್ಲಬ್ಬಿನಲ್ಲಿ ಅತಿಥಿಯಾಗಿ ಆಡುವುದು ಹೇಗೆ?

1876ರಲ್ಲಿ ಆರಂಭವಾದ ಬೆಂಗಳೂರು ಗಾಲ್ಫ್ ಕ್ಲಬ್ಬಿನಂಥ ಹಳೆಯ ಖಾಸಗಿ ಕ್ಲಬ್ಬುಗಳಿಗೆ ಹೊಸಬರು ಸಾಮಾನ್ಯವಾಗಿ ಸದಸ್ಯರೊಬ್ಬರ ಅತಿಥಿಯಾಗಿ ಹೋಗುತ್ತಾರೆ. ಅತಿಥಿಯ ತಪ್ಪಿಗೆ ಉತ್ತರ ಹೇಳಬೇಕಾದವರು ಆ ಸದಸ್ಯರೇ ಆದ್ದರಿಂದ ಉಡುಪು, ಗ್ರೀನ್ ಫೀ (ಮೈದಾನದಲ್ಲಿ ಆಡುವ ಶುಲ್ಕ), ಕ್ಯಾಡಿಗೆ (ಚೀಲ ಹೊತ್ತು ನೆರವಾಗುವವರಿಗೆ) ಕೊಡಬೇಕಾದ ಹಣ, ಈ ಮೂರನ್ನೂ ಹಿಂದಿನ ದಿನವೇ ಅವರಲ್ಲಿ ಕೇಳಿ ತಿಳಿದುಕೊಳ್ಳಿ. ಕಾಲರ್ ಇರುವ ಟೀ ಶರ್ಟ್ ಧರಿಸಿ, ಜೀನ್ಸ್ ಮನೆಯಲ್ಲಿಯೇ ಇರಲಿ. ಚೀಲದಲ್ಲಿ 14ಕ್ಕಿಂತ ಹೆಚ್ಚು ಕ್ಲಬ್ಬುಗಳು, ಅಂದರೆ ಚೆಂಡು ಹೊಡೆಯುವ ಕೋಲುಗಳು, ಇರಬಾರದು. ಹೊಸಬರಿಗೆ ಏಳು ಸಾಕು ಎಂಬುದು ನನ್ನ ಖಚಿತ ಅಭಿಪ್ರಾಯ.

ಮೊದಲ ಹೊಡೆತ ಹೊಡೆಯುವ ಜಾಗವಾದ ಟೀ ಮೇಲೆ ಇತರರು ಹೊಡೆಯುವಾಗ ಮಾತನಾಡದೆ, ಅವರ ಕಣ್ಣಿಗೆ ಬೀಳದಂತೆ ನಿಲ್ಲಿ. ನಿಮ್ಮ ಚೆಂಡು ಪೊದೆಗೋ ಗಡಿಯಾಚೆಗೋ ಹೋಗಿರಬಹುದೆಂಬ ಅನುಮಾನವಿದ್ದರೆ, ‘ಪ್ರಾವಿಷನಲ್’ (ತಾತ್ಕಾಲಿಕ ಚೆಂಡು) ಎಂದು ಎಲ್ಲರಿಗೂ ಕೇಳುವಂತೆ ಹೇಳಿ ಇನ್ನೊಂದು ಚೆಂಡನ್ನು ಆಡಿಬಿಡಿ. 2019ರಿಂದ ನಿಯಮದಂತೆ ಹುಡುಕಾಟಕ್ಕಿರುವುದು 3 ನಿಮಿಷ ಮಾತ್ರ. ದುಬಾರಿ ಚೆಂಡೆಂದು ಅದಕ್ಕಿಂತ ಹೆಚ್ಚು ಹುಡುಕುತ್ತ ಹಿಂದಿನ ತಂಡವನ್ನು ಕಾಯಿಸಬೇಡಿ. ಮರಳಿನ ಹೊಂಡವಾದ ಬಂಕರಿನಿಂದ ಹೊರಬಂದ ಮೇಲೆ ಮರಳನ್ನು ಕುಂಟೆಯಿಂದ ಸಮಮಾಡಿ.

ಬಹಳಷ್ಟು ಜನ ಎಡವುವುದು ಗ್ರೀನಿನಲ್ಲಿ, ಅಂದರೆ ಚೆಂಡನ್ನು ಕುಳಿಗೆ ಉರುಳಿಸುವ ನುಣುಪಾದ ಹುಲ್ಲಿನ ಜಾಗದಲ್ಲಿ. ಎತ್ತರದಿಂದ ಬಿದ್ದ ಚೆಂಡು ಅಲ್ಲಿ ಸಣ್ಣ ಗುಳಿಯನ್ನು ಮಾಡುತ್ತದೆ. ಅದನ್ನು ಸರಿಪಡಿಸಲು ಹೊರಟವರು ಫೋರ್ಕನ್ನು (ಇದಕ್ಕೆಂದೇ ಇರುವ ಪುಟ್ಟ ಕವಲು ಸಾಧನ) ಗುಳಿಯ ಅಡಿಗೆ ತೂರಿಸಿ, ಬೆಲ್ಲದ ಅಚ್ಚನ್ನು ಎಬ್ಬಿಸುವಂತೆ ತಳವನ್ನು ಮೇಲಕ್ಕೆ ಮೀಟುತ್ತಾರೆ. ಆ ಕ್ಷಣಕ್ಕೆ ನೆಲ ಸಮವಾದಂತೆ ಕಂಡರೂ ಒಳಗೆ ಬೇರು ಹರಿದಿರುತ್ತದೆ, ಕೆಲವೇ ದಿನಗಳಲ್ಲಿ ಅಲ್ಲಿ ಕಂದು ಬಣ್ಣದ ಮಚ್ಚೆ ಎದ್ದು ಕಾಣುತ್ತದೆ. ಸರಿಯಾದ ಕ್ರಮವೆಂದರೆ, ಫೋರ್ಕನ್ನು ಗುಳಿಯ ಅಂಚಿನ ಹೊರಗೆ ಓರೆಯಾಗಿ ಚುಚ್ಚಿ, ಹಿಡಿಯನ್ನು ಗುಳಿಯ ಕಡೆಗೆ ಬಾಗಿಸುತ್ತ ಹುಲ್ಲನ್ನು ನಡುವಿಗೆ ಒತ್ತಬೇಕು. ಹೀಗೆಯೇ ಸುತ್ತಲೂ ನಾಲ್ಕೈದು ಕಡೆ ಮಾಡಿದರೆ ಬಾಯಿ ಕೂಡಿಕೊಳ್ಳುತ್ತದೆ. ಕೊನೆಗೆ ಪಟರಿನ (ಗ್ರೀನಿನಲ್ಲಿ ಚೆಂಡು ಉರುಳಿಸುವ ಕೋಲು) ತಳದಿಂದ ಮೆಲ್ಲನೆ ತಟ್ಟಿ. ಉಚಿತವಾಗಿ ಹಂಚುವ ಪ್ಲಾಸ್ಟಿಕ್ ಫೋರ್ಕುಗಳು ಗಟ್ಟಿ ನೆಲಕ್ಕೆ ತಗುಲಿದರೆ ಮುರಿಯುತ್ತವೆ, ಲೋಹದ್ದನ್ನೇ ಕೊಳ್ಳಿ. ಗ್ರೀನಿನಲ್ಲಿ ಚೆಂಡನ್ನು ಎತ್ತುವ ಮೊದಲು ಅದರ ಜಾಗವನ್ನು ಗುರುತು ಮಾಡಲು ಮಾತ್ರ ಏನನ್ನೂ ಕೊಳ್ಳಬೇಕಾಗಿಲ್ಲ, ಒಂದು ರೂಪಾಯಿಯ ನಾಣ್ಯ ಸಾಕು.

ನಾಣ್ಯವನ್ನು ಚೆಂಡಿನ ಹಿಂದೆಯೇ ಇಟ್ಟು ನಂತರ ಚೆಂಡನ್ನು ಎತ್ತಿ. ಗುರುತಿಲ್ಲದೆ ಎತ್ತಿದರೆ ಒಂದು ಹೊಡೆತದ ದಂಡ ಬೀಳುತ್ತದೆ. ಆ ನಾಣ್ಯ ಇನ್ನೊಬ್ಬರ ಚೆಂಡು ಉರುಳುವ ದಾರಿಯಲ್ಲಿದ್ದರೆ ಪಟರಿನ ತಲೆಯಷ್ಟು ಪಕ್ಕಕ್ಕೆ ಸರಿಸಿ, ಸಿಂಹದ ಮುಖವನ್ನು ಕೆಳಗೆ ಮಾಡಿಡಿ. ನಿಮ್ಮ ಸರದಿ ಬಂದಾಗ ಮಗುಚಿದ ನಾಣ್ಯವನ್ನು ನೋಡಿ ಮೊದಲಿನ ಜಾಗಕ್ಕೆ ತರಬೇಕೆಂಬುದು ನೆನಪಾಗುತ್ತದೆ. ಮರೆತು ಅಲ್ಲಿಂದಲೇ ಆಡಿದರೆ ಸ್ಟ್ರೋಕ್ ಪ್ಲೇಯಲ್ಲಿ (ಒಟ್ಟು ಹೊಡೆತಗಳನ್ನು ಎಣಿಸುವ ಆಟದಲ್ಲಿ) ಎರಡು ಹೊಡೆತಗಳ ದಂಡ. ಇನ್ನೊಬ್ಬರ ಚೆಂಡು ಉರುಳುವ ದಾರಿಯನ್ನು ತುಳಿಯದೆ ಬಳಸಿಕೊಂಡು ನಡೆಯಿರಿ, ನಿಮ್ಮ ನೆರಳೂ ಅದರ ಮೇಲೆ ಬೀಳದಿರಲಿ.

ಅಂಕಗಳನ್ನು ಗ್ರೀನಿನಲ್ಲಿ ನಿಂತು ಬರೆಯದೆ ಮುಂದಿನ ಟೀಗೆ ಹೋಗಿ ಬರೆಯಿರಿ. ಆಟ ಮುಗಿದ ಮೇಲೆ ಟೋಪಿ ತೆಗೆದು ಕೈಕುಲುಕಿ, ಕ್ಯಾಡಿಯ ಹಣವನ್ನು ಅಲ್ಲಿಯೇ ಕೊಡಿ. ಕ್ಲಬ್ಬಿನ ಬಿಲ್ಲಿಗೆ ಸಹಿ ಮಾಡುವವರು ಸದಸ್ಯರಾದ್ದರಿಂದ ನಿಮ್ಮ ಪಾಲಿನ ಮೊತ್ತವನ್ನು ಕಾರು ಹತ್ತುವ ಮೊದಲೇ ಅವರಿಗೆ ಯುಪಿಐ ಮಾಡಿಬಿಡಿ.